ಮಾಯವ್ವನ ಮೂರು ಊರು

ಮಾಯವ್ವನ ಕೈಯ ಗಿರ್ಮಿಟ್ ಮೊದಲ ಸಲ ತಿಂದದ್ದು ಎಲ್ಲಿ ಎಂದು ಕೇಳಿದರೆ ನಾನು ತಡವರಿಸುತ್ತೇನೆ. ಗೋಕಾಕದ ಬಸ್ ಸ್ಟ್ಯಾಂಡಿನ ಗೋಡೆಗೆ ಆತು ಕುಳಿತ ಹೆಂಗಸು, ಎದುರಿಗೆ ದೊಡ್ಡ ಹಿತ್ತಾಳೆ ಬೋಗುಣಿ, ಅದರ ಅಂಚಿಗೆ ಸೌಟು ಬಡಿಯುವ ಟಣ್ ಟಣ್ ಸದ್ದು, ಇಷ್ಟು ನನಗೆ ಚೆನ್ನಾಗಿ ನೆನಪಿದೆ. ಆದರೆ ಅದೇ ಹೆಂಗಸು ಅದೇ ಬೋಗುಣಿ ಇಟ್ಟುಕೊಂಡು ಹುಕ್ಕೇರಿಯ ಸಂತೆಯಲ್ಲಿ ಕೆಂಪು ಮೆಣಸಿನಕಾಯಿ ಚೀಲಗಳ ನಡುವೆ ಕುಳಿತದ್ದೂ ಅಷ್ಟೇ ಚೆನ್ನಾಗಿ ನೆನಪಿದೆ. ಮೂಡಲಗಿಯಲ್ಲಿ ದನದ ಪೇಟೆಯ ಕಡೆ ಹೋಗುವ ದಾರಿಯಲ್ಲಿ ಒಂದು ಎಮ್ಮೆ ಬಾಲ ಬೀಸಿ ನನ್ನ ಕೈಯ ಪೊಟ್ಟಣವನ್ನು ಕೆಡವಿದ್ದು, ಅವಳು ನಕ್ಕು ಇನ್ನೊಂದು ಪೊಟ್ಟಣ ಕಟ್ಟಿಕೊಟ್ಟದ್ದು, ಅದೂ ನೆನಪಿದೆ. ಮೂರು ಕಡೆಯೂ ನನಗೆ ಏಳೆಂಟು ವರ್ಷ. ಮೂರು ಕಡೆಯೂ ಅದು ಮೊದಲ ಸಲ. ಒಬ್ಬನೇ ಹುಡುಗ ಒಂದೇ ತಿನಿಸನ್ನು ಮೂರು ಸಲ ಮೊದಲ ಸಲ ತಿನ್ನಲು ಬರುವುದಿಲ್ಲ ಎನ್ನುವುದು ನನಗೂ ಗೊತ್ತು.

ಇದೆಲ್ಲ ಈಗ ಯಾಕೆ ಎಂದರೆ, ಮೊನ್ನೆ ಪುಸ್ತಕದ ಕಪಾಟು ಝಾಡಿಸುವಾಗ ಒಂದು ಹಾಳೆ ಕೆಳಗೆ ಬಿತ್ತು. ನನ್ನದೇ ಅಕ್ಷರ. ಮೂಲೆಯಲ್ಲಿ ಅರಿಶಿನ ಬೆರೆತ ಎಣ್ಣೆಯ ಕಲೆ. ಎರಡು ವರ್ಷದ ಹಿಂದೆ ಮಾಯವ್ವನಿಗಾಗಿ ನಾನು ಬರೆದುಕೊಟ್ಟ ಸಾಕ್ಷಿಪತ್ರ ಅದು. ಅಷ್ಟು ಪ್ರಾಮಾಣಿಕವಾಗಿ ನಾನು ಬೇರೆ ಏನನ್ನೂ ಬರೆದಿಲ್ಲ. ಅಷ್ಟು ಕೆಟ್ಟದಾಗಿಯೂ ಬರೆದಿಲ್ಲ.

ನಾನು ಧಾರವಾಡದಲ್ಲಿ ಇತಿಹಾಸ ಓದಿ ಬಂದವನು. ಈಗ ಗೋಕಾಕದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಯಾವ ಮಾತನ್ನಾದರೂ ಆಧಾರ ಸಿಗುವವರೆಗೆ ನಂಬಬಾರದೆಂದು ಅಲ್ಲಿ ಕಲಿತದ್ದು ಎಲುಬಿಗೆ ಇಳಿದಿದೆ. ಮನೆಯಲ್ಲಿ ಹಾಲು ಕೆಟ್ಟಿದೆ ಎಂದರೂ “ಹೆಂಗ ಗೊತ್ತಾತು?” ಎನ್ನುತ್ತೇನೆ. “ನಿಮಗ ಮದಿವಿ ಆಗೇತಿ ಅನ್ನಾಕ ಎಷ್ಟ ಆಧಾರ ಬೇಕ್ರಿ?” ಎಂದು ಹೆಂಡತಿ ಒಮ್ಮೆ ಕೇಳಿದ್ದಳು. ಅದರ ಮೇಲೆ ಒಂದು ಕಡೆ ಕೂತಿರುವ ಸ್ವಭಾವವೂ ಅಲ್ಲ. ಸಂಜೆಯಾಯಿತೆಂದರೆ ಚಪ್ಪಲಿ ಮೆಟ್ಟಿ ಹೊರಬೀಳುತ್ತೇನೆ. ತಿರುಗಾಡಿ ಬರುತ್ತೇನೆ ಎಂದು ಹೇಳಿ ಹೋಗುವುದು, ತಿರುಗಾಟ ಮಾತ್ರ ಯಾವಾಗಲೂ ಒಂದು ತಿಂಡಿ ಗಾಡಿಯ ಮುಂದೆ ಮುಗಿಯುವುದು. ನಾಲ್ಕು ಗಂಟೆಗೆ ಭಜಿಯ ಗಾಡಿ, ದೀಪ ಹಚ್ಚುವ ಹೊತ್ತಿಗೆ ಎಗ್ ರೈಸ್ ಗಾಡಿ, ಕಬ್ಬಿಣದ ಬಾಣಲಿಯ ಜೊತೆ ಜಗಳಕ್ಕೆ ನಿಂತವನ ಹಾಗೆ ಸೌಟು ಬಡಿಯುವ ಗೋಬಿ ಗಾಡಿ. ಎಣ್ಣೆ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದಾರೆ. ಆ ಡಾಕ್ಟರನ್ನು ನಾನು ಎರಡು ಸಲ ಭಜಿ ಗಾಡಿಯ ಹಿಂದೆ ಕಂಡಿದ್ದೇನೆ. ಇದಕ್ಕೆ ಆಧಾರ ಬೇಡ.

ಹೊರಗಿನಿಂದ ಬಂದವರು ಫಾಲ್ಸ್ ನೋಡಿ, ಕರದಂಟು ಕಟ್ಟಿಸಿಕೊಂಡು ಹೋಗುತ್ತಾರೆ. ಗೋಕಾಕದವರು ಕರದಂಟನ್ನು ಬೀಗರಿಗೆ ಕಳಿಸಿ ತಾವು ಗಿರ್ಮಿಟ್ ತಿನ್ನುತ್ತಾರೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಉಳ್ಳಾಗಡ್ಡಿ, ಹುಣಸೆಹಣ್ಣು, ಬೆಲ್ಲ ಹಾಕಿ ಕುದಿಸಿದ ಗೊಜ್ಜನ್ನು ಚುರುಮುರಿಗೆ ಕಲಸಿ, ಹುರಿಗಡಲೆಯ ಪುಟಾಣಿ ಹಿಟ್ಟು ಉದುರಿಸಿ, ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಶೇವು ಹಾಕಿ ಕೊಡುವುದು. ಕಲಸಿದ ಕೂಡಲೇ ತಿನ್ನಬೇಕು. ಐದು ನಿಮಿಷ ತಡವಾದರೆ ಚುರುಮುರಿ ಮೆತ್ತಗಾಗಿ ಮುಖ ಇಳಿಬಿಡುತ್ತದೆ. ಹಾಗಾಗಿ ಇದು ಮನೆಗೆ ಒಯ್ಯುವ ತಿನಿಸಲ್ಲ. ಅದು ಇದ್ದಲ್ಲಿಗೆ ನಾವೇ ಹೋಗಬೇಕು.

ಮಾಯವ್ವನ ಹತ್ತಿರ ಗಾಡಿ ಎಂಬುದೇ ಇರಲಿಲ್ಲ. ನೆಲದ ಮೇಲೆ ಒಂದು ಗೋಣಿಚೀಲ, ಅದರ ಮೇಲೆ ಅವಳು, ಎಡಕ್ಕೆ ಚುರುಮುರಿ ಬುಟ್ಟಿ, ಬಲಕ್ಕೆ ಗೊಜ್ಜಿನ ಡಬ್ಬಿ, ನಡುವೆ ಬೋಗುಣಿ. ಅವಳ ತವರು ದಡ್ಡಿ ಎಂಬ ಹಳ್ಳಿ, ಕುರಿ ಕಾಯುವ ಮನೆತನ. ಗೋಕಾಕಕ್ಕೆ ಲಗ್ನವಾಗಿ ಬಂದು ಗಂಡ ತೀರಿಕೊಂಡ ಮೇಲೆ ಬೋಗುಣಿ ಹಿಡಿದಳು. ಈಗ ಎಪ್ಪತ್ತರ ಹತ್ತಿರ ಇರಬೇಕು. ನಾನು ಐವತ್ತು ದಾಟಿದರೂ ಅವಳಿಗೆ ಸಣ್ಣ ಮಾಸ್ತರ. ಯಾಕೆಂದರೆ ದೊಡ್ಡ ಮಾಸ್ತರ ನಮ್ಮಪ್ಪ.

ಅಪ್ಪ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದರು. ಹುಕ್ಕೇರಿ, ಮೂಡಲಗಿ, ಗೋಕಾಕ ಎಂದು ವರ್ಗವಾಗುತ್ತ ಹೋದರು. ಯಾವುದು ಮೊದಲು ಯಾವುದು ಆಮೇಲೆ ಎನ್ನುವುದು ಕೂಡ ನನ್ನ ತಲೆಯಲ್ಲಿ ಕಲಸಿಹೋಗಿದೆ. ಊರು ಯಾವುದಾದರೂ ಮನೆಯ ಕಾಯ್ದೆ ಒಂದೇ. “ಮಾಸ್ತರ ಮಕ್ಕಳು ಬೀದ್ಯಾಗ ನಿಂತು ತಿಂದ್ರ ನಾಳೆ ಸಾಲ್ಯಾಗ ನನ್ನ ಮಾತ ಯಾರ ಕೇಳ್ತಾರ?” ಎನ್ನುತ್ತಿದ್ದರು. ಅದಕ್ಕೆ ನಾನೂ ಅಕ್ಕನೂ ರಸ್ತೆಗೆ ಬೆನ್ನು ಮಾಡಿ, ಗೋಡೆಯ ಕಡೆ ಮುಖ ಮಾಡಿ ತಿನ್ನುತ್ತಿದ್ದೆವು. ನಮಗೆ ಜನ ಕಾಣದಿದ್ದರೆ ಜನರಿಗೂ ನಾವು ಕಾಣುವುದಿಲ್ಲ ಎಂಬ ಲೆಕ್ಕ. ಒಂದು ಸಂತೆಯ ದಿನ ಹಾಗೆ ತಿನ್ನುತ್ತ ಪಕ್ಕಕ್ಕೆ ನೋಡಿದರೆ, ಅರಿವೆ ಅಂಗಡಿಯ ಪರದೆಯ ಹಿಂದೆ ಅಪ್ಪ ನಿಂತಿದ್ದಾರೆ. ಕೈಯಲ್ಲಿ ಪೊಟ್ಟಣ, ಮೀಸೆಯ ಮೇಲೆ ಪುಟಾಣಿ ಹಿಟ್ಟು. ನಾನು ಅವರನ್ನು ನೋಡಿದೆ, ಅವರು ನನ್ನನ್ನು ನೋಡಿದರು. ಇಬ್ಬರೂ ಗೋಡೆಯ ಕಡೆ ತಿರುಗಿದೆವು. ಆ ಬಗ್ಗೆ ಮನೆಯಲ್ಲಿ ಯಾರೂ ಯಾವತ್ತೂ ಒಂದು ಮಾತು ಆಡಲಿಲ್ಲ. ಇದು ನನ್ನ ಬಲು ಪ್ರೀತಿಯ ನೆನಪು. ಒಂದೇ ತೊಡಕು ಎಂದರೆ, ಆ ಕಾಲದ ಯಾವ ಫೋಟೋದಲ್ಲೂ ಅಪ್ಪನಿಗೆ ಮೀಸೆ ಇಲ್ಲ.

ಇಂಥ ತಲೆಯ ಮನುಷ್ಯನ ಹತ್ತಿರ ಮಾಯವ್ವ ಸಾಕ್ಷಿ ಕೇಳಲು ಬಂದಳು.

ಆಗ ಬಸ್ ಸ್ಟ್ಯಾಂಡಿನ ಗೋಡೆಯ ಉದ್ದಕ್ಕೂ ಬೀದಿ ವ್ಯಾಪಾರಿಗಳಿಗೆ ಸಾಲು ಕಟ್ಟುವ ಕೆಲಸ ನಡೆದಿತ್ತು. ಇದ್ದವರಿಗೆ ಇದ್ದಲ್ಲೇ ಜಾಗ, ಮೇಲೆ ತಗಡಿನ ನೆರಳು, ನಾಲ್ಕು ಜನರಿಗೆ ಒಂದು ನಳ, ಒಬ್ಬೊಬ್ಬರಿಗೆ ಒಂದು ನಂಬರು. ಒಳ್ಳೆಯ ಕೆಲಸವೇ. ಮೊದಲಿನಿಂದ ಅಲ್ಲಿ ಮಾರುವವರು ಯಾರು ಎಂದು ಎಣಿಸಲು ನಗರಸಭೆ ಕಚೇರಿಯವರು ಎರಡು ಸಲ ಬಂದರು. ಮೊದಲ ಸಲ ಬಂದಾಗ ಮಾಯವ್ವ ಇರಲಿಲ್ಲ. ಎರಡನೆಯ ಸಲವೂ ಇರಲಿಲ್ಲ. ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ನಂಬರಿಲ್ಲದವರು ಇನ್ನು ಆ ಗೋಡೆಯ ಹತ್ತಿರ ಕುಳಿತುಕೊಳ್ಳುವಂತಿಲ್ಲ.

“ಎಲ್ಲಿ ಹೋಗಿದ್ದಿ ಮಾಯವ್ವಾ ಎರಡೂ ಸಲಾ?” ಎಂದೆ.

“ಸಂತಿಗ್ರಿ. ಒಮ್ಮಿ ಹುಕ್ಕೇರಿ, ಒಮ್ಮಿ ಮೂಡಲಗಿ. ಹುಕ್ಕೇರಿ ಸಂತಿ ದಿನ ಹುಕ್ಕೇರ್ಯಾಗ, ಮೂಡಲಗಿ ಸಂತಿ ದಿನ ಮೂಡಲಗ್ಯಾಗ, ಉಳದ ದಿನ ಇಲ್ಲೇ. ಮೊದಲಿಂದ ಹಂಗ.”

ವಾರದಲ್ಲಿ ಎರಡು ದಿನ ಅವಳು ಗೋಡೆಯ ಹತ್ತಿರ ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ಎಲ್ಲಿ ಹೋಗುತ್ತಾಳೆ ಎಂದು ಇಷ್ಟು ವರ್ಷ ಕೇಳಿರಲಿಲ್ಲ. ಅವಳಿಲ್ಲದ ದಿನ ನಾನು ವಡಾಪಾವ್ ತಿನ್ನುತ್ತಿದ್ದೆ. ಇತಿಹಾಸದ ಮಾಸ್ತರನ ಸಂಶೋಧನೆ ಅಷ್ಟು.

“ಇನ್ನ ಮ್ಯಾಲ ತಿರಗೂದು ಆಗಾಂಗಿಲ್ರಿ ಸಣ್ಣ ಮಾಸ್ತರ,” ಎಂದಳು ಅವಳು, ಮೊಣಕಾಲು ನೀವಿಕೊಳ್ಳುತ್ತ. “ಮೊದಲ ಬಸ್ಸಿನ ಮ್ಯಾಲ ಬುಟ್ಟಿ ಒಗದು ಒಳಗ ಕುಂದ್ರತಿದ್ದೆ. ಈಗ ಹೆಣ್ಣಮಕ್ಕಳಿಗೆ ಟಿಕೀಟ ಇಲ್ಲ, ಖರೆ. ನಿಂದ್ರಾಕ ಜಾಗಾನೂ ಇಲ್ಲ. ಮೂಡಲಗಿಗೆ ಹೋಗಬೇಕಾದ್ರ ಅರಭಾವ್ಯಾಗ ಕಾಲೇಜಿನ ಹುಡುಗ್ರು ಇಳಿಯೂತನಾ ಬುಟ್ಟಿ ನನ್ನ ತಲಿ ಮ್ಯಾಲ. ಹಿಂಗ ಎಷ್ಟ ದಿನಾ? ಇಲ್ಲೆ ಒಂದ ನಂಬರ ಸಿಕ್ರ ಕಾಲ ಚಾಚಿ ಕುಂದ್ರತೇನಿ. ಸಿಗಲಿಲ್ಲ ಅಂದ್ರ ಮನ್ಯಾಗ ಕುಂದ್ರಬೇಕು. ಮನ್ಯಾಗ ಕುಂತ್ರ ಯಾರ ಬಂದು ಗಿರ್ಮಿಟ್ ತಿಂತಾರ? ನೀವ್ ಸಣ್ಣವ್ರಿದ್ದಾಗಿಂದ ತಿಂದೀರಿ. ಅಷ್ಟ ಬರದ ಕೊಡ್ರಿ. ಕಚೇರ್ಯಾಗ ಸಾಕಂತ.”

ನಾಲ್ಕು ಸಾಲಿನ ಕೆಲಸ. ನಾನು ಮೂರು ದಿನ ತೆಗೆದುಕೊಂಡೆ. ಮೊದಲಿಂದ ತಿಂದಿದ್ದೇನೆ ಎಂದು ಬರೆಯಬೇಕು, ಸರಿ. ಆದರೆ ಮೊದಲು ಎಂದರೆ ಯಾವಾಗ? ಎಲ್ಲಿ? ಮೂಡಲಗಿಯಲ್ಲಿ ಇರುವ ಅಕ್ಕನಿಗೆ ಫೋನ್ ಮಾಡಿದೆ. ಎಮ್ಮೆಯ ಕಥೆ ಹೇಳಿ, ಅದು ಮೂಡಲಗಿಯಲ್ಲೇ ಆದದ್ದು ಹೌದೋ ಅಲ್ಲವೋ ಎಂದು ಕೇಳಿದೆ.

“ಮೂಡಲಗ್ಯಾಗ ಆದದ್ದು ಖರೆ,” ಎಂದಳು ಅಕ್ಕ. “ಆದ್ರ ಎಮ್ಮಿ ಬಾಲಾ ಬಡದದ್ದು ನನ್ನ ಕೈಗೆ. ನಿನ್ನ ಕೈಗಲ್ಲ.”

“ನನಗ ಚಂದಂಗ ನೆನಪೈತಿ ಅಕ್ಕಾ.”

“ನಿನಗ ಏನ್ ನೆನಪೈತಿ ತಮ್ಮಾ? ನೀ ಬಾಜೂ ನಿಂತು ಅಳಾಕತ್ತಿದ್ದಿ.”

“ನಾ ಯಾಕ ಅಳಲಿ?”

“ನನಗ ಎರಡ ಪೊಟ್ಟಣ ಸಿಕ್ಕೂ, ನಿನಗ ಒಂದ ಸಿಕ್ಕತು ಅಂತ!”

ಹೀಗೆ ನನ್ನ ಹತ್ತಿರ ಇದ್ದ ಒಂದು ಎಮ್ಮೆಯೂ ಕೈಬಿಟ್ಟಿತು. ಆ ಸಂಜೆ ಕೂತು ಪತ್ರ ಬರೆದೆ. ಈಗ ಎದುರಿಗಿರುವ ಹಾಳೆಯಿಂದಲೇ ನಕಲು ಮಾಡುತ್ತೇನೆ. “ಶ್ರೀಮತಿ ಮಾಯವ್ವ ಇವರನ್ನು ನಾನು ಬಾಲ್ಯದಿಂದ ಬಲ್ಲೆನೆಂದು ನನ್ನ ನೆನಪು ಹೇಳುತ್ತದೆ. ಆ ನೆನಪು ಎಷ್ಟರಮಟ್ಟಿಗೆ ನಂಬಲರ್ಹ ಎಂಬುದು ಬೇರೆ ವಿಚಾರ. ಇವರು ಗೋಕಾಕದಲ್ಲಿ ಬಹುಕಾಲದಿಂದ, ಬಹುಶಃ ನಲವತ್ತು ವರ್ಷಕ್ಕೂ ಮೇಲ್ಪಟ್ಟು, ವ್ಯಾಪಾರ ಮಾಡುತ್ತಿದ್ದಾರೆ. ಇದೇ ಅವಧಿಯಲ್ಲಿ ಹುಕ್ಕೇರಿ ಮತ್ತು ಮೂಡಲಗಿಯಲ್ಲಿಯೂ ಇವರನ್ನು ಕಂಡಿರುವುದನ್ನು ಇಲ್ಲಿ ಹೇಳದಿದ್ದರೆ ಸತ್ಯಕ್ಕೆ ಕೊರತೆ ಮಾಡಿದಂತಾದೀತು.” ಕೆಳಗೆ ನನ್ನ ಸಹಿ, ಹೆಸರಿನ ಮುಂದೆ ಪದವಿಗಳು. ಬರೆದು ಮುಗಿಸಿದಾಗ ಬಹಳ ಹಗುರವಾಗಿತ್ತು, ಎಲ್ಲ ಕಡೆಯಿಂದಲೂ ನ್ಯಾಯ ಮಾಡಿದ ಹಾಗೆ.

ಕಚೇರಿಯ ಕ್ಲಾರ್ಕ್ ಈರಣ್ಣ ನನ್ನ ಹಳೆಯ ವಿದ್ಯಾರ್ಥಿ. ಎದ್ದು ನಿಂತು ಕುರ್ಚಿ ಕೊಟ್ಟ. ಪತ್ರವನ್ನು ಒಂದು ಸಲ ಓದಿದ. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದ.

“ಸರ್, ಇದು ಆಕಿ ಪರವಾಗಿ ಬರದದ್ದೋ, ವಿರುದ್ಧ ಬರದದ್ದೋ?”

“ಖರೆ ಇದ್ದದ್ದು ಬರದೇನಿ ಈರಣ್ಣಾ.”

“ಅದು ಗೊತ್ತಾತ್ರಿ. ಆದ್ರ ಇದನ್ನ ನಾ ಫೈಲಿಗೆ ಹಚ್ಚಿದ್ರ, ಈಕಿ ಸಂತಿ ವ್ಯಾಪಾರಿ, ಊರಿನ ವ್ಯಾಪಾರಿ ಅಲ್ಲ ಅಂತ ಮ್ಯಾಲಿನವ್ರು ಒಂದ ಸಾಲಿನಾಗ ಮುಗಸ್ತಾರ. ಅದಕ್ಕ ನಿಮ್ಮ ಸಹೀನ ಆಧಾರ ಆಗತೈತಿ.” ಸ್ವಲ್ಪ ಯೋಚಿಸಿ ಹಾಳೆಯನ್ನು ಮಡಿಸಿ ನನ್ನ ಕೈಗೇ ಕೊಟ್ಟ. “ಇದನ್ನ ನಾ ನೋಡಿಲ್ಲ, ನೀವು ಕೊಟ್ಟಿಲ್ಲ. ಪಟ್ಟಿ ಈ ವಾರ ಮುಗೀತೈತಿ. ಅದ್ರೊಳಗ ಒಂದ ಮುಂಜಾನಿ ನಾನ ಬಂದು ನೋಡತೇನಿ. ಆಕಿ ಅಲ್ಲೇ ಕುಂತಿದ್ರ ಬರಕೋತೇನಿ. ಯಾವತ್ತು ಬರತೇನಿ ಅಂತ ಹೇಳಾಂಗಿಲ್ರಿ, ನಿಯಮ ಐತಿ.”

ಮಾಯವ್ವನಿಗೆ ಸುದ್ದಿ ಹೇಳಿದೆ. ಏನು ಬರೆದಿದ್ದೀರಿ ಓದಿ ಎಂದಳು. ಓದಿದೆ. ಉಳ್ಳಾಗಡ್ಡಿ ಹೆಚ್ಚುತ್ತಲೇ ಕೊನೆಯವರೆಗೂ ಕೇಳಿದಳು. ಆಮೇಲೆ ಎಣ್ಣೆಗೈಯಲ್ಲೇ ಹಾಳೆ ತೆಗೆದುಕೊಂಡು ಒಂದು ಗಳಿಗೆ ತಿರುಗಿಸಿ ನೋಡಿದಳು.

“ಭಾಳ ಚಂದ ಬರದೀರಿ ಸಣ್ಣ ಮಾಸ್ತರ. ಆದ್ರ ಇದ್ರಾಗ ನಾ ಎಲ್ಲೆ ಕುಂತೇನಿ?”

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಎಂದಿನ ಹಾಗೆ ಗಿರ್ಮಿಟ್ ಕಲಸಿ ಕೊಟ್ಟಳು, ಖಾರ ಮಾತ್ರ ಅವತ್ತು ಸ್ವಲ್ಪ ಹೆಚ್ಚಿತ್ತು ಎಂದು ನನ್ನ ಅನುಮಾನ.

ಇಲ್ಲಿ ಸಂಗಮೇಶನ ಬಗ್ಗೆ ಹೇಳಬೇಕು. ಅದೇ ಗೋಡೆಯ ಸಾಲಿನಲ್ಲಿ ಏಳನೆಯ ನಂಬರು ಅವನ ಫುಡ್ ಟ್ರಕ್ಕಿಗೆ ಸಿಕ್ಕಿತ್ತು. ಹಳೆಯ ಟೆಂಪೊ, ಅದಕ್ಕೆ ಹಳದಿ ಬಣ್ಣ, ಸುತ್ತ ಮಿಣಿಮಿಣಿ ದೀಪ, ಬದಿಯ ತಗಡು ಎತ್ತಿ ಕಿಟಕಿ ಮಾಡಿದ್ದ. ಮೊಮೊ, ಸ್ಯಾಂಡ್‌ವಿಚ್ ಮಾರುತ್ತಾನೆ. ಮೊದಲ ದಿನ ಮಾಯವ್ವನಿಗೂ ಒಂದು ಮೊಮೊ ಕೊಟ್ಟಿದ್ದ. ಅವಳು ಕಣ್ಣು ಮುಚ್ಚಿ ಅಗಿದು, “ಕಡಬು ಮಾಡೂದ ಕಲತೀ ತಮ್ಮಾ, ಹೂರಣಾ ಹಾಕೂದ ಮರತೀ,” ಎಂದಿದ್ದಳು. ಸಂಗಮೇಶನ ಕಾಗದಪತ್ರ ಎಲ್ಲ ಸರಿ ಇದ್ದವು, ಯಾಕೆಂದರೆ ಅವನ ಟ್ರಕ್ಕು ನಿಂತ ಜಾಗ ಬಿಟ್ಟು ಕದಲುವುದಿಲ್ಲ. ಟಯರಿನ ಗಾಳಿ ಇಳಿದು ಗಾಲಿ ಅರ್ಧ ಇಂಚು ನೆಲದೊಳಗೆ ಹೂತಿದೆ. ನಾಲ್ಕು ಗಾಲಿ ಇದ್ದದ್ದು ಒಂದೇ ಕಡೆ ನಿಂತಿತ್ತು, ಗಾಲಿಯೇ ಇಲ್ಲದವಳು ಮೂರು ಊರು ತಿರುಗುತ್ತಿದ್ದಳು. ಹಾಗಾಗಿ ಅವನು ಪಟ್ಟಿಯಲ್ಲಿದ್ದ, ಅವಳು ಇರಲಿಲ್ಲ.

ಆ ವಾರದ ಒಂದು ಸಂಜೆ ಸಂಗಮೇಶ ನನ್ನನ್ನು ಕಿಟಕಿಯ ಹತ್ತಿರ ಕರೆದ. “ಸರ್, ಈರಣ್ಣ ಸ್ಯಾಂಡ್‌ವಿಚ್ ತಿಂದು ಹೋದ. ನಾಳೆ ಮುಂಜಾನಿ ಈ ಕಡೆ ಕೆಲಸ ಐತಿ ಅಂತ ಬಾಯಿ ಬಿಟ್ಟ. ಮಾಯವ್ವ ಆಯಿಗೆ ಹೇಳ್ರಿ.”

ನಾಳೆ ಎಂದರೆ ಹುಕ್ಕೇರಿ ಸಂತೆ. ಓಡುತ್ತ ಹೋದೆ. ಮಾಯವ್ವ ಬೋಗುಣಿ ತಿಕ್ಕುತ್ತಿದ್ದಳು.

“ನಾಳೆ ಒಂದ ದಿನ ಹುಕ್ಕೇರಿಗೆ ಹೋಗಬ್ಯಾಡ ಮಾಯವ್ವಾ.”

ವಿಷಯ ಕೇಳಿದಳು. ಕೈ ನಿಂತಿತು. “ಹೇಳಿಲ್ಲಲ್ರಿ,” ಎಂದಳು.

“ಯಾರಿಗೆ?”

“ಅಲ್ಲೆ ನನ್ನ ಬಾಜೂ ಹಗ್ಗ ಮಾರೂ ಕಲ್ಲಪ್ಪಕಾಕಾ ಅದಾನ್ರಿ. ನಾ ಮುಟ್ಟೂದ್ರಾಗ ನನ್ನ ಜಾಗಾ ಕಸಾ ಹೊಡದು, ನೀರ ಚಿಮಕಿಸಿ ಇಟ್ಟಿರತಾನ. ಬ್ಯಾರೆ ಯಾರರ ಬಂದ್ರ ಕುಂದ್ರಗೊಡಾಂಗಿಲ್ಲ.”

ಆಗಲೇ ನನಗೆ ಈ ಪದ್ಧತಿ ಗೊತ್ತಾದದ್ದು. ಸಂತೆಗೆ ಮೊದಲು ಬಂದವರು ಪಕ್ಕದವರ ಜಾಗಕ್ಕೂ ನೀರು ಹೊಡೆಯಬೇಕು, ಅದೂ ತಮ್ಮ ಜಾಗಕ್ಕಿಂತ ಮೊದಲು. ಧೂಳು ಕೂರಲಿ ಎನ್ನುವುದು ಒಂದು. ಈ ನೆಲಕ್ಕೆ ಜನ ಇದ್ದಾರೆ ಎಂದು ನಾಲ್ಕು ಮಂದಿಗೆ ತಿಳಿಯಲಿ ಎನ್ನುವುದು ಇನ್ನೊಂದು. ಬರುವುದಿಲ್ಲ ಎಂದಾದರೆ ಹಿಂದಿನ ಸಂತೆಯಲ್ಲೇ ಹೇಳಬೇಕು. ಹೇಳದಿದ್ದರೆ ಬರಬೇಕು.

“ಫೋನ್ ಮಾಡಿ ಹೇಳಿದ್ರಾತು.”

“ಕಾಕಾಗ ಫೋನ್ ಎಲ್ಲೈತ್ರಿ?”

“ಮಾಯವ್ವಾ, ಇದ ಕಡೀ ಸಲಾ. ಈ ಜಾಗಾ ಹೋದ್ರ?”

ಅವಳು ಬೋಗುಣಿಯ ಅಂಚನ್ನು ಬೆರಳಿನಿಂದ ಸವರಿದಳು. “ನನಗೂ ಹೆದರಿಕಿ ಐತ್ರಿ. ಆದ್ರ ಅಂವಾ ನೀರ ಹೊಡದು ದಾರಿ ನೋಡಾಕತ್ತಿರತಾನ. ಅಲ್ಲೆ ಮಾತ ತಪ್ಪಿಸಿ ಬಂದು ಇಲ್ಲೆ ಹೆಂಗ ಕುಂದ್ರಲಿ?” ಎಂದಳು. ಮರುದಿನ ಮೊದಲ ಬಸ್ಸಿಗೆ ಹೋದಳು.

ನಾನು ಆ ಮುಂಜಾನೆ ಕಾಲೇಜಿಗೆ ತಡವಾಗಿ ಬರುತ್ತೇನೆಂದು ತಿಳಿಸಿ ಗೋಡೆಯ ಹತ್ತಿರ ನಿಂತೆ. ಈರಣ್ಣ ಬಂದರೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅದರಲ್ಲಿ ಒಂದೇ ಒಂದು ‘ಬಹುಶಃ’ ಇರಬಾರದೆಂದು ರಾತ್ರಿಯೇ ನಿರ್ಧಾರ ಮಾಡಿದ್ದೆ. ಆದರೂ ಎರಡು ಉಳಿದಿದ್ದವು.

ಮಾಯವ್ವನ ಪಕ್ಕದ ಜಾಗ ಬಾಳೆಹಣ್ಣು ಮಾರುವ ಜೈತೂನಬಿಯದು. ಅವಳು ಬಂದಳು, ಬುಟ್ಟಿ ಇಳಿಸಿದಳು. ತಂಬಿಗೆ ತುಂಬಿ ತಂದು ಮಾಯವ್ವನ ಖಾಲಿ ಜಾಗವನ್ನು ಗುಡಿಸಿ ನೀರು ಹೊಡೆದಳು. ಆಮೇಲೆ ತನ್ನದಕ್ಕೆ. ನಾನು ಎಷ್ಟೋ ವರ್ಷದಿಂದ ಆ ಗೋಡೆಯ ಹತ್ತಿರ ನಿಂತು ತಿಂದಿದ್ದೇನೆ, ಇದನ್ನು ಒಂದು ದಿನವೂ ಕಂಡಿರಲಿಲ್ಲ. ಸಂಜೆ ಬರುವವನಿಗೆ ಮುಂಜಾನೆಯ ಕೆಲಸ ಎಲ್ಲಿ ಕಾಣಬೇಕು?

ಅಷ್ಟರಲ್ಲಿ ಈರಣ್ಣ ಬೈಕಿನ ಮೇಲೆ ಬಂದ. ಅತ್ತಿತ್ತ ನೋಡಿ, ಖಾಲಿ ಕಂಡ ಆ ಜಾಗದೊಳಕ್ಕೇ ಬೈಕು ಹೊಕ್ಕಿಸಿದ.

“ಏ ಅಣ್ಣಾ, ಏ!” ಜೈತೂನಬಿ ಕೂಗಿದಳು. “ತಗೀರಿ, ಗಾಡಿ ತಗೀರಿ. ಅದು ಮಾಯವ್ವನ ಜಾಗಾ.”

ಅವನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಅವನೂ ಹೇಳಲಿಲ್ಲ. “ಮಾಯವ್ವ ಎಲ್ಲಿದಾಳಬೇ?”

“ಹುಕ್ಕೇರಿ ಸಂತಿಗೆ ಹೋಗ್ಯಾಳ.”

“ಆಕಿ ಇಲ್ಲ ಅಂದ ಮ್ಯಾಲ ಜಾಗಾ ಹೆಂಗ ಆಕಿದಾತು?”

ಜೈತೂನಬಿ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು. “ಯಾವದೋ ಕಚೇರ್ಯಾಗ ಇದ್ದಂಗ ಕಾಣತೀರಿ. ನೀವ್ ಕಚೇರ್ಯಾಗ ಕುಂತಾಗ ನಿಮ್ಮ ಮನಿ ಯಾರದಾಗತೈತ್ರಿ?”

ಈರಣ್ಣ ಬೈಕು ಹಿಂದಕ್ಕೆ ತಳ್ಳಿದ. ಟಯರಿನ ಗುರುತು ಹಸಿ ನೆಲದಲ್ಲಿ ಮೂಡಿತ್ತು. ಜೈತೂನಬಿ ಗೊಣಗುತ್ತ ಅದನ್ನು ಕಾಲಿನಿಂದ ಅಳಿಸಿ ಇನ್ನೊಂದು ತಂಬಿಗೆ ನೀರು ಹಾಕಿದಳು. ಅವನು ನಿಂತು ನೋಡಿದ. ಆಮೇಲೆ ಸಾಲಿನಲ್ಲಿದ್ದ ನಾಲ್ಕು ಮಂದಿಯನ್ನು ಕೇಳಿದ. ನಾಲ್ವರೂ ಅದು ಮಾಯವ್ವನದೇ ಎಂದರು. ಸಂಗಮೇಶ ಕಿಟಕಿಯಿಂದ ಇಣುಕಿ, ತಾನು ಟ್ರಕ್ಕು ತಂದ ಮೊದಲ ದಿನ ಅಲ್ಲಿ ನಿಲ್ಲಿಸಲು ಹೋಗಿ ಇದೇ ಜೈತೂನಬಿಯಿಂದ ಬೈಸಿಕೊಂಡದ್ದನ್ನು ಹೇಳಿದ. ಈರಣ್ಣ ಪಟ್ಟಿ ತೆಗೆದು ಬೈಕಿನ ಸೀಟಿನ ಮೇಲೆ ಇಟ್ಟುಕೊಂಡು ಬರೆದ. ನಾನು ಹೆಗಲ ಮೇಲಿಂದ ಓದಿದೆ. “ವ್ಯಾಪಾರಿ ಗೈರು. ಜಾಗ ಚಾಲೂ ಇದೆ.” ಕೆಳಗೆ ಜೈತೂನಬಿಯ ಹೆಬ್ಬೆಟ್ಟು.

“ಸರ್, ನೀವೂ ಏನರ ಹೇಳವ್ರಿದ್ರೇನ್ರಿ?” ಎಂದು ನನ್ನ ಕಡೆ ತಿರುಗಿದ.

“ಇಲ್ಲ,” ಎಂದೆ. ಅಷ್ಟು ಚೊಕ್ಕವಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ.

ಮಾಯವ್ವನಿಗೆ ಒಂಬತ್ತನೆಯ ನಂಬರು ಸಿಕ್ಕಿತು. ಅದರ ಜೊತೆ ಒಂದು ನಿಯಮವೂ ಬಂತು. ನಂಬರು ಪಡೆದವರು ದಿನಾ ಅಲ್ಲೇ ಇರಬೇಕು. ವಾರಕ್ಕೆ ಎರಡು ದಿನ ಬಿಟ್ಟು ಹೋದರೆ ನಂಬರು ಇನ್ನೊಬ್ಬರಿಗೆ. ಈ ಮಾತು ಹೇಳಿದಾಗ ಅವಳು, “ಎರಡೂ ಬಿಡಬೇಕ್ರಿ?” ಎಂದಳು. ಹೌದೆಂದೆ. “ತಿರಗೂದ ಆಗಾಂಗಿಲ್ಲ ಅಂತ ನಾನ ಅಂದಿದ್ನೆಲ್ರಿ,” ಎಂದು ತನಗೆ ತಾನೇ ಹೇಳಿಕೊಂಡಳು. “ಆದ್ರ ಬಿಡೂದು ಅಂತ ಅಂದಿರಲಿಲ್ಲ.”

ಮುಂದಿನ ವಾರ ಎರಡೂ ಸಂತೆಗೆ ಕೊನೆಯ ಸಲ ಹೋಗಿ, ಇನ್ನು ಬರುವುದಿಲ್ಲ ಎಂದು ಹೇಳಿ ಬಂದಳು. ಮೂಡಲಗಿಯಿಂದ ಅಕ್ಕನ ಫೋನ್ ಬಂತು. “ನಮ್ಮ ಮಾಯವ್ವನ್ನ ನೀವ ಇಟ್ಕೊಂಡ್ರೇನು? ಗೋಕಾಕದವ್ರಿಗೆ ಫಾಲ್ಸ್ ಸಾಲಲಿಲ್ಲೇನು?” ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡಳು.

ಈಗ ಒಂಬತ್ತನೆಯ ನಂಬರಿನಲ್ಲಿ ನೆರಳಿದೆ, ಹತ್ತಿರದಲ್ಲೇ ನಳವಿದೆ. ಮಾಯವ್ವ ಕಾಲು ಚಾಚಿ ಕುಳಿತುಕೊಳ್ಳುತ್ತಾಳೆ. ಸಂಗಮೇಶ ತನ್ನ ಕಡೆ ಗಿರಾಕಿ ಕಡಿಮೆಯಾದಾಗ ಅವಳ ಕಡೆ ಬಂದು ಗಿರಾಕಿಯಾಗುತ್ತಾನೆ. ಎಲ್ಲ ಸರಿ ಇದೆ. ಆದರೆ ಸಂತೆಯ ದಿನ ಹುಕ್ಕೇರಿ ಬಸ್ಸು ಬಂದು ನಿಂತರೆ ಅವಳ ಸೌಟು ನಿಲ್ಲುತ್ತದೆ. ಇಳಿದವರಲ್ಲಿ ಯಾರಾದರೂ ಗುರುತಿನವರಿದ್ದರೆ, “ಸಂತಿ ಹೆಂಗಿತ್ತು?” ಎಂದು ಕೇಳುತ್ತಾಳೆ. ಅವರು ಮೆಣಸಿನಕಾಯಿಯ ಸುದ್ದಿ, ಮಳೆಯ ಸುದ್ದಿ ಹೇಳುತ್ತಾರೆ. ಅವಳಿಗೆ ಬೇಕಾದ ಸುದ್ದಿ ಅದಲ್ಲ ಎಂದು ನೋಡುತ್ತಿದ್ದರೆ ತಿಳಿಯುತ್ತದೆ.

ಒಂದು ದಿನ ಗಿರ್ಮಿಟ್ ಕೊಡುತ್ತ ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದಳು. “ಕಲ್ಲಪ್ಪಕಾಕಾ ಇನ್ನೂತನಾ ನನ್ನ ಜಾಗಾಕ್ಕ ನೀರ ಹೊಡೀತಾನಂತ್ರಿ. ಯಾರೋ ಅಂದ್ರು.”

“ಹೌದೇನು?” ಎಂದೆ. ಒಳಗೆ ನಂಬಲಿಲ್ಲ. ಹೇಳಿದವರು ಯಾರು? ಬಸ್ಸಿನಿಂದ ಇಳಿದ ಯಾರೋ. ಎಷ್ಟೊಂದು ಆಸೆಯಿಂದ ಕೇಳುವ ಮುದುಕಿಗೆ ಇಂಥದ್ದೊಂದು ಸುಳ್ಳನ್ನು ಯಾರಾದರೂ ಹೇಳಬಹುದು, ನಾನೇ ಹೇಳಬಹುದು. ಸಂತೆಯಲ್ಲಿ ಒಂದು ಮೊಳ ನೆಲಕ್ಕೂ ಬಡಿದಾಟ. ಬರುವುದಿಲ್ಲ ಎಂದು ಹೇಳಿ ಹೋದವಳ ಜಾಗವನ್ನು ಇಷ್ಟು ದಿನ ಯಾರು ಕಾಯುತ್ತಾರೆ? ಇದನ್ನೆಲ್ಲ ಬಾಯಿಬಿಟ್ಟು ಹೇಳಲಿಲ್ಲ. ಅಷ್ಟು ಬುದ್ಧಿ ಬಂದಿದೆ.

ಈ ವರ್ಷ ಕಾಲೇಜಿನ ಕೆಲಸಕ್ಕೆ ಹುಕ್ಕೇರಿಗೆ ಹೋಗಬೇಕಾಯಿತು. ಅವತ್ತೇ ಸಂತೆ. ಅದು ತಾನಾಗಿ ಕೂಡಿಬಂತೋ, ನಾನೇ ಆ ದಿನ ಆರಿಸಿಕೊಂಡೆನೋ, ಈಗ ಹೇಳಲಾರೆ. ಕೆಲಸಕ್ಕೆ ಮೊದಲು ಸಂತೆಗೆ ಹೋದೆ. ಹಗ್ಗದ ರಾಶಿಯ ಹಿಂದೆ ಎಂಬತ್ತು ದಾಟಿದ ಮುದುಕ, ಕಾಲ್ಬೆರಳಿಗೆ ನಾರು ಸಿಕ್ಕಿಸಿಕೊಂಡು ಹೊಸೆಯುತ್ತಿದ್ದ. ಅವನ ಬಲಕ್ಕೆ ಜಾಗ ಖಾಲಿ ಇತ್ತು. ಅದರ ಆಚೆ ಮೆಣಸಿನಕಾಯಿಯವರು ಚೀಲದ ಮೇಲೆ ಚೀಲ ಒಟ್ಟಿಕೊಂಡು ಇಕ್ಕಟ್ಟಾಗಿ ಕುಳಿತಿದ್ದರು.

“ಇಲ್ಲೆ ಯಾರ ಕುಂದ್ರತಾರ ಕಾಕಾ?”

“ಗಿರ್ಮಿಟ್ ಮಾಯವ್ವ,” ಎಂದ, ತಲೆ ಎತ್ತದೆ.

“ಆಕಿ ಬರಾಂಗಿಲ್ಲ ಅಂತ ಹೇಳಿ ಹೋಗ್ಯಾಳಲ್ಲ?”

“ಹೇಳಿ ಹೋಗ್ಯಾಳ,” ಎಂದ. ಹೊಸೆಯುವುದನ್ನು ನಿಲ್ಲಿಸಲಿಲ್ಲ.

ಚಪ್ಪಲಿ ಸರಿ ಮಾಡಿಕೊಳ್ಳುವ ನೆಪದಲ್ಲಿ ಬಗ್ಗಿ ಆ ಖಾಲಿ ನೆಲಕ್ಕೆ ಬೆರಳಿಟ್ಟು ನೋಡಿದೆ. ಮಳೆಯದಿರಬಹುದೇ ಎಂದು ಎದುರಿನ ಚಹಾದಂಗಡಿಯಲ್ಲಿ ಕೇಳಿದೆ. ಹದಿನೈದು ದಿನದಿಂದ ಒಂದು ಹನಿ ಬಿದ್ದಿಲ್ಲ ಎಂದರು. ಹತ್ತಿರದಲ್ಲಿ ನಳವಿಲ್ಲ, ಗಟಾರಿಲ್ಲ. ಸುತ್ತಲಿನ ನೆಲವೆಲ್ಲ ಧೂಳು. ಒಂದು ಗೋಣಿಚೀಲ ಹಾಸುವಷ್ಟು ಅಗಲದ ನೆಲ ಮಾತ್ರ ಹಸಿಯಾಗಿತ್ತು.